ತೆರೆದರೆ ಏಳುವ ಸೂರ್ಯ, ತಿರುಗಿಸಿದರೆ ಸರಿಯುವ ನೆರಳು

ಸಂಕ್ರಾಂತಿಯಂದು ಎಳ್ಳು ಬೆಲ್ಲವನ್ನು ಬೀರುವುದು ನಮ್ಮ ನಾಡಿನ ಹಳೆಯ ಪದ್ಧತಿ. ದೂರದಲ್ಲಿರುವವರ ಕೈಗೆ ಎಳ್ಳನ್ನು ಕೊಡಲಾಗದು. ಆದುದರಿಂದ ಅವರಿಗೆ ಶುಭಾಶಯ ಪತ್ರವೊಂದನ್ನು ಬರೆದು, ಲಕೋಟೆಯ ಮೂಲೆಯಲ್ಲಿ ನಾಲ್ಕು ಕಾಳು ಕುಸುರೆಳ್ಳನ್ನು ಸೇರಿಸಿ ಅಂಚೆಗೆ ಹಾಕುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಅಂಥ ಪತ್ರವನ್ನು ತೆರೆದವನ ಕಣ್ಣಿಗೆ ಮಾತ್ರವಲ್ಲ, ಕೈಗೂ ಒಂದು ಕೆಲಸವಿರುತ್ತಿತ್ತು. ಓದಿ ಬದಿಗಿಡುವ ಪತ್ರಕ್ಕೂ ಓದುವವನ ಕೈಯನ್ನು ತನ್ನಲ್ಲಿ ತೊಡಗಿಸಿಕೊಳ್ಳುವ ಪತ್ರಕ್ಕೂ ಇರುವ ಅಂತರ ಇದೇ.

ಈ ಲೇಖನದಲ್ಲಿ ಅಂಥ ಎರಡು ಪತ್ರಗಳನ್ನು ಮನೆಯಲ್ಲಿಯೇ ಮಾಡುವ ಕ್ರಮವನ್ನು ವಿವರಿಸುತ್ತೇವೆ. ಒಂದನ್ನು ತೆರೆದರೆ ಒಳಗಿನಿಂದ ಸೂರ್ಯನು ಎದ್ದು ನಿಲ್ಲುತ್ತಾನೆ. ಇನ್ನೊಂದರ ಚಕ್ರವನ್ನು ತಿರುಗಿಸಿದರೆ ವರ್ಷದ ಬೇರೆ ಬೇರೆ ದಿನಗಳಲ್ಲಿ ನಡುಹಗಲಿನ ನೆರಳು ಎಷ್ಟು ಉದ್ದವೆಂಬುದು ಕಿಟಕಿಯಲ್ಲಿ ಕಾಣುತ್ತದೆ. ಬೇಕಾಗುವ ಸಾಮಗ್ರಿ ಅಲ್ಪ: ಗಟ್ಟಿ ಕಾಗದ, ಕತ್ತರಿ, ಚೂಪಾದ ಚಾಕು, ಅಳತೆಪಟ್ಟಿ, ಅಂಟು, ಪೆನ್ಸಿಲಿನ ಗೆರೆ ಅಳಿಸುವ ಒಂದು ದೊಡ್ಡ ರಬ್ಬರು, ಒಂದು ಸ್ಟಾಂಪ್ ಪ್ಯಾಡು.

ಎರಡು ವರ್ಷಗಳ ಕೆಳಗೆ ನಾವು ಮಾಡಿದ ಮೊದಲನೆಯ ಪತ್ರದಲ್ಲಿ ಎರಡು ತಪ್ಪುಗಳಿದ್ದುವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಯುಕ್ತ. ಒಂದು ಕಾಗದದ ತಪ್ಪು, ಇನ್ನೊಂದು ಆಕಾಶದ ತಪ್ಪು. ಎರಡನ್ನೂ ತೋರಿಸಿಕೊಟ್ಟವರು, ಶಾಲೆಯಲ್ಲಿ ನಮಗೆ ಗಣಿತವನ್ನು ಕಲಿಸಿ ಈಗ ಧಾರವಾಡದಲ್ಲಿ ವಿಶ್ರಾಂತರಾಗಿರುವ ಗುರುಗಳು.

ಸ್ವಲ್ಪ ಹಿನ್ನೆಲೆ

ಹಬ್ಬದ ಶುಭಾಶಯವನ್ನು ಅಚ್ಚುಮಾಡಿಸಿ ಅಂಚೆಯಲ್ಲಿ ಕಳುಹಿಸುವ ವಾಡಿಕೆ ಬಹಳ ಪುರಾತನವಾದುದಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಏಕರೂಪ ಅಂಚೆ ದರವು ಜಾರಿಗೆ ಬಂದಿತು. ಮೂರು ವರ್ಷಗಳ ಅನಂತರ, 1843ರಲ್ಲಿ, ಆ ಅಂಚೆ ಸುಧಾರಣೆಯ ಕೆಲಸದಲ್ಲಿ ಪಾಲುಗೊಂಡಿದ್ದ ಹೆನ್ರಿ ಕೋಲ್ ಎಂಬವರು ಜಾನ್ ಕಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಕ್ರಿಸ್ಮಸ್ ಪತ್ರವೊಂದನ್ನು ಬರೆಯಿಸಿ, ಸುಮಾರು ಸಾವಿರ ಪ್ರತಿಗಳನ್ನು ಅಚ್ಚುಹಾಕಿಸಿದರು. ಒಂದೊಂದಕ್ಕೆ ಬೆಲೆ ಒಂದು ಷಿಲಿಂಗ್. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಪತ್ರವೆಂದು ಇದನ್ನೇ ಹೇಳುತ್ತಾರೆ.

ಆದರೆ ಚಲಿಸುವ ಕಾಗದದ ಚರಿತ್ರೆ ಇದಕ್ಕಿಂತ ಹಳೆಯದು. ಅದು ಹುಟ್ಟಿದುದು ವಿನೋದಕ್ಕಾಗಿಯೂ ಅಲ್ಲ. ಜರ್ಮನಿಯ ಪೀಟರ್ ಏಪಿಯನ್ ಎಂಬ ವಿದ್ವಾಂಸನು 1540ರಲ್ಲಿ ಪ್ರಕಟಿಸಿದ ಖಗೋಳ ಗ್ರಂಥದಲ್ಲಿ ಕಾಗದದ ಚಕ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಅವನ್ನು ತಿರುಗಿಸಿದರೆ ಗ್ರಹಗಳ ಸ್ಥಾನ ತಿಳಿಯುವಂತೆ ಮಾಡಿದ್ದನು. ಅಂದರೆ ಪುಸ್ತಕದ ಪುಟವೇ ಗಣಕಯಂತ್ರವಾಗಿದ್ದಿತು. ನಮ್ಮ ಎರಡನೆಯ ಪತ್ರ ಈ ವಂಶಕ್ಕೆ ಸೇರಿದ ಒಂದು ಚಿಕ್ಕ ಕುಡಿ.

ಕಾಗದದ ಸ್ವಭಾವ

ಕೆಲಸಕ್ಕೆ ಕೈಹಾಕುವ ಮೊದಲು ಕಾಗದದ ಸ್ವಭಾವವನ್ನು ತಿಳಿದಿರಬೇಕು. ಕಾಗದವೆಂದರೆ ಸೆಲ್ಯುಲೋಸಿನ ಸಣ್ಣ ನಾರುಗಳ ಒತ್ತು ಹೆಣಿಗೆ. ಕಾರ್ಖಾನೆಯಲ್ಲಿ ನೀರಿನೊಡನೆ ಬೆರೆತ ನಾರು ಓಡುತ್ತಿರುವ ಜಾಲರಿಯ ಮೇಲೆ ಹರಿದು ಬೀಳುವಾಗ, ಬಹುಪಾಲು ನಾರುಗಳು ಜಾಲರಿ ಓಡುವ ದಿಕ್ಕಿಗೆ ಹೊಂದಿಕೊಂಡು ಮಲಗುತ್ತವೆ. ಆದುದರಿಂದ ಮರದ ಹಲಗೆಗೆ ಹೇಗೋ ಹಾಗೆ ಕಾಗದಕ್ಕೂ ಒಂದು ನಾರಿನ ದಿಕ್ಕು ಇರುತ್ತದೆ.

ಇದನ್ನು ಪರೀಕ್ಷಿಸುವುದು ಸುಲಭ. ಹಳೆಯ ವೃತ್ತಪತ್ರಿಕೆಯೊಂದನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ಅನಂತರ ಅಡ್ಡಲಾಗಿ ಹರಿಯಿರಿ. ಒಂದು ದಿಕ್ಕಿನಲ್ಲಿ ಸೀಳು ನೇರವಾಗಿ ಹೋಗುತ್ತದೆ, ಇನ್ನೊಂದರಲ್ಲಿ ಅಂಕುಡೊಂಕಾಗುತ್ತದೆ. ನೇರವಾಗಿ ಹರಿದುದೇ ನಾರಿನ ದಿಕ್ಕು. ಗಟ್ಟಿ ಕಾಗದವನ್ನು ಹರಿಯದೆಯೇ ಪರೀಕ್ಷಿಸಬೇಕಾದರೆ, ಹಾಳೆಯನ್ನು ಎರಡೂ ರೀತಿಯಲ್ಲಿ ಮೆಲ್ಲಗೆ ಬಾಗಿಸಿ ನೋಡಬೇಕು. ಯಾವ ಬಾಗು ಸುಲಭವಾಗಿ ಬರುವುದೋ ಆ ಬಾಗಿನ ಗೆರೆ ನಾರಿಗೆ ಸಮಾಂತರವಾಗಿದೆ ಎಂದು ತಿಳಿಯತಕ್ಕದ್ದು.

ಮಡಿಕೆಯು ನಾರಿನ ದಿಕ್ಕಿಗೆ ಸಮಾಂತರವಾಗಿದ್ದರೆ ಅಚ್ಚುಕಟ್ಟಾಗಿ ಕೂರುತ್ತದೆ. ಅಡ್ಡವಾಗಿದ್ದರೆ ನಾರುಗಳೇ ಮುರಿದು, ಮಡಿಕೆಯ ಮೇಲೆ ಒರಟಾದ ಬಿರುಕುಗಳು ಏಳುತ್ತವೆ. ಮಡಿಕೆಯ ಹೊರಮೈ ಎಳೆತಕ್ಕೂ ಒಳಮೈ ಒತ್ತಡಕ್ಕೂ ಗುರಿಯಾಗುವುದೇ ಇದಕ್ಕೆ ಕಾರಣ. ಆದುದರಿಂದ ಗಟ್ಟಿ ಕಾಗದವನ್ನು ಮಡಿಸುವ ಮೊದಲು ಅಳತೆಪಟ್ಟಿಯನ್ನಿಟ್ಟು, ಮಸಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಒಂದು ತಗ್ಗುಗೆರೆಯನ್ನು ಒತ್ತಿ ಎಳೆಯಬೇಕು. ಆ ಗೆರೆಯಲ್ಲಿ ನಾರಿನ ಪದರಗಳು ಸಡಿಲಗೊಂಡು, ಮಡಿಕೆಯು ಬೇರೆಡೆಗೆ ಜಾರದೆ ಅಲ್ಲಿಯೇ ಬೀಳುತ್ತದೆ.

ದಪ್ಪದ ವಿಷಯವನ್ನೂ ಗಮನಿಸಬೇಕು. ಹಾಳೆಯ ಬಿಗುಪು ಅದರ ದಪ್ಪದ ಘನಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ದಪ್ಪ ಎರಡರಷ್ಟಾದರೆ ಬಿಗುಪು ಎಂಟರಷ್ಟಾಗುತ್ತದೆ. ಬರೆಯುವ ಕಾಗದ ಚದರ ಮೀಟರಿಗೆ ಸುಮಾರು 70ರಿಂದ 80 ಗ್ರಾಂ ತೂಗುತ್ತದೆ. ಅದು ತನ್ನ ಭಾರವನ್ನೇ ತಾಳಿ ನಿಲ್ಲಲಾರದು. ಚದರ ಮೀಟರಿಗೆ 200 ಗ್ರಾಂ ತೂಗುವ ಕಾಗದ ನಮ್ಮ ಕೆಲಸಕ್ಕೆ ಯೋಗ್ಯ. ಇದಕ್ಕಿಂತ ಬಹಳ ದಪ್ಪವಾದರೆ ಮಡಿಕೆಗಳು ಸ್ಪ್ರಿಂಗಿನಂತೆ ಹಿಂದಕ್ಕೆ ಒದೆಯತೊಡಗುತ್ತವೆ.

ಮುದ್ರೆ

ಚಿತ್ರವನ್ನು ಕೈಯಿಂದಲೇ ಬರೆಯಬಹುದು. ಆದರೆ ಹತ್ತಾರು ಪತ್ರಗಳಿಗೆ ಒಂದೇ ಚಿತ್ರ ಬೇಕಾದಾಗ ಮುದ್ರೆಯೇ ಅನುಕೂಲ. ಅತಿ ಸುಲಭವಾದ ಮುದ್ರೆ ಅಡುಗೆಮನೆಯಲ್ಲಿಯೇ ಇದೆ: ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು, ಕೊಯ್ದ ಮುಖವನ್ನು ಒರಸಿ, ಪ್ಯಾಡಿಗೆ ಒತ್ತಿದರೆ ಐದು ಮೂಲೆಯ ಹೂವೊಂದು ಸಿದ್ಧವಾಗುತ್ತದೆ. ಸೂರ್ಯನಿಗೂ ಅಕ್ಷರಗಳಿಗೂ ರಬ್ಬರೇ ಬೇಕು. ಕಚ್ಚಾ ರಬ್ಬರು ಬಿಸಿಲಿಗೆ ಅಂಟಂಟಾಗಿ ಚಳಿಗೆ ಬಿರುಸಾಗುತ್ತಿದ್ದಿತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಅದನ್ನು ಗಂಧಕದೊಡನೆ ಕಾಯಿಸಿ ಸ್ಥಿರಗೊಳಿಸುವ ಮಾರ್ಗವನ್ನು ಕಂಡು, 1844ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಕಚೇರಿಗಳ ರಬ್ಬರ್ ಸ್ಟಾಂಪು ಸಾಧ್ಯವಾದುದು ಅದರ ಅನಂತರವೇ.

ಮುದ್ರೆಯಲ್ಲಿ ಎಡಬಲಗಳು ಅದಲುಬದಲಾಗುತ್ತವೆ. ‘ಶುಭ’ ಎಂದು ನೇರವಾಗಿ ಕೊರೆದರೆ ಕಾಗದದ ಮೇಲೆ ಬೀಳುವುದು ಕನ್ನಡಿಯೊಳಗಿನ ‘ಶುಭ’. ಆದುದರಿಂದ ತೆಳುವಾದ ಕಾಗದದ ಮೇಲೆ ಮೃದುವಾದ ಪೆನ್ಸಿಲಿನಿಂದ ಅಕ್ಷರಗಳನ್ನು ಸರಿಯಾಗಿಯೇ ಬರೆದು, ಬರೆದ ಮುಖವನ್ನು ರಬ್ಬರಿನ ಮೇಲೆ ಮಗುಚಿ, ಬೆನ್ನಿನ ಮೇಲೆ ಉಗುರಿನಿಂದ ಉಜ್ಜಬೇಕು. ಸೀಸದ ಗೆರೆ ತಿರುಗುಮುರುಗಾಗಿ ರಬ್ಬರಿಗೆ ಇಳಿಯುತ್ತದೆ. ಗೆರೆಯನ್ನು ಬಿಟ್ಟು ಉಳಿದ ಭಾಗವನ್ನು ಚಾಕುವಿನಿಂದ ಎರಡು ಮಿಲಿಮೀಟರಿನಷ್ಟು ಕೆತ್ತಿ ತೆಗೆಯಬೇಕು. ಮಕ್ಕಳು ಮಾಡುವಾಗ ಈ ಕೆತ್ತನೆಯನ್ನು ಮಾತ್ರ ಹಿರಿಯರು ವಹಿಸಿಕೊಳ್ಳುವುದು ಒಳ್ಳೆಯದು.

ಮುದ್ರೆ ಒತ್ತುವವರು ಸಾಮಾನ್ಯವಾಗಿ ಎರಡು ತೊಂದರೆಗಳನ್ನು ಕಾಣುತ್ತಾರೆ. ಮೊದಲನೆಯದು, ಸಣ್ಣ ಗೆರೆಗಳು ಕಡುಕಪ್ಪಾಗಿ ಬಿದ್ದರೂ ದೊಡ್ಡ ಬಿಲ್ಲೆ ಮಾತ್ರ ಅಲ್ಲಲ್ಲಿ ಬಿಳಿದಾಗಿ ಉಳಿಯುವುದು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಲಬ್ಧ. ಕೈಯ ಬಲ ಅಷ್ಟೇ ಇದ್ದು ವಿಸ್ತೀರ್ಣ ಹೆಚ್ಚಿದರೆ ಒತ್ತಡ ಕುಗ್ಗುತ್ತದೆ. ಆದುದರಿಂದ ಸೂರ್ಯಬಿಂಬವನ್ನು ತುಂಬು ಬಿಲ್ಲೆಯಾಗಿ ಕೊರೆಯದೆ, ಒಂದರೊಳಗೊಂದು ಬಳೆಗಳಂತೆ ಗೆರೆಗಳಲ್ಲಿ ಕೊರೆಯಬೇಕು. ಎರಡನೆಯದು, ಮಸಿ ಹರಡುವುದು. ನಾರುಗಳ ನಡುವಿನ ಸಂದುಗಳು ಕೂದಲಿನಂಥ ಕೊಳವೆಗಳಾಗಿ ಮಸಿಯನ್ನು ಎಳೆದುಕೊಳ್ಳುತ್ತವೆ. ಒತ್ತುಕಾಗದದಲ್ಲಿ ಈ ಎಳೆತಕ್ಕೆ ತಡೆಯಿಲ್ಲ. ಬರೆಯುವ ಕಾಗದಕ್ಕೆ ಕಾರ್ಖಾನೆಯಲ್ಲಿ ಅಂಟು ಕೊಟ್ಟಿರುವುದರಿಂದ ಎಳೆತ ಮಿತವಾಗಿರುತ್ತದೆ. ಹೊಳಪು ಕಾಗದದ ಮೇಲೆ ಸಂದುಗಳು ಮುಚ್ಚಿಹೋಗಿರುತ್ತವೆ. ಮಸಿ ಇಳಿಯಲು ದಾರಿಯಿಲ್ಲದೆ ಮೇಲೆಯೇ ನಿಂತು ಕೈಗೆ ಅಂಟುತ್ತದೆ. ಹೊಳಪಿಲ್ಲದ, ನಯವಾದ ಗಟ್ಟಿ ಕಾಗದವೇ ಉತ್ತಮ.

ಎದ್ದು ನಿಲ್ಲುವ ಸೂರ್ಯ

ಈಗ ಮೊದಲನೆಯ ಪತ್ರ. 20 ಸೆಂಟಿಮೀಟರು ಉದ್ದ, 15 ಸೆಂಟಿಮೀಟರು ಅಗಲದ ಹಾಳೆಯನ್ನು ನಡುವೆ ಮಡಿಸಿದರೆ 10 ಸೆಂಟಿಮೀಟರಿನ ಎರಡು ಪುಟಗಳಾಗುತ್ತವೆ. ಈ ನಡುಮಡಿಕೆಯನ್ನು ಬೆನ್ನು ಎಂದು ಕರೆಯೋಣ. ನಾರಿನ ದಿಕ್ಕು ಬೆನ್ನಿಗೆ ಸಮಾಂತರವಾಗಿರಲಿ.

ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿ. ಬೆನ್ನಿನಿಂದ ಮೇಲಕ್ಕೆ 3 ಸೆಂಟಿಮೀಟರು, ಕೆಳಕ್ಕೆ 4 ಸೆಂಟಿಮೀಟರು ಬರುವಂತೆ, ಬೆನ್ನನ್ನು ದಾಟುವ ಎರಡು ನೇರ ಸೀಳುಗಳನ್ನು ಕೊಯ್ಯಿರಿ. ಸೀಳುಗಳ ನಡುವೆ 5 ಸೆಂಟಿಮೀಟರು ಅಂತರವಿರಲಿ. ಈಗ ನಡುವೆ 7 ಸೆಂಟಿಮೀಟರು ಉದ್ದದ ಪಟ್ಟಿಯೊಂದು ಉಂಟಾಯಿತು. ಪಟ್ಟಿಯ ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ಒಳಮಡಿಕೆಯನ್ನೂ, ಬೆನ್ನಿನಿಂದ 1 ಸೆಂಟಿಮೀಟರು ಕೆಳಗೆ ಒಂದು ಹೊರಮಡಿಕೆಯನ್ನೂ ಕೊಡಿ. ಬೆನ್ನಿನ ಮಡಿಕೆ ಪಟ್ಟಿಯ ಮೇಲೆ ಮಾತ್ರ ಬೀಳಕೂಡದು. ಪತ್ರವನ್ನು ಲಂಬಕೋನಕ್ಕೆ ತೆರೆದಾಗ ಪಟ್ಟಿಯು ಮುಂದಕ್ಕೆ ಚಾಚಿ, 4 ಸೆಂಟಿಮೀಟರು ಚಾಚು ಮತ್ತು 3 ಸೆಂಟಿಮೀಟರು ಎತ್ತರವುಳ್ಳ ಒಂದು ಮೆಟ್ಟಿಲಾಗುತ್ತದೆ. ಅದರ ಮುಂಗಡೆಗೆ 4 ಸೆಂಟಿಮೀಟರು ವ್ಯಾಸದ ಸೂರ್ಯಬಿಂಬವನ್ನು ಒತ್ತಿ, ಕತ್ತರಿಸಿ, ಕೆಳಗಿನ ಅರ್ಧವನ್ನು ಮಾತ್ರ ಅಂಟಿಸಬೇಕು. ಮೇಲಿನ ಅರ್ಧ ಮೆಟ್ಟಿಲಿನ ಅಂಚಿನ ಮೇಲೆ 2 ಸೆಂಟಿಮೀಟರು ಇಣುಕುತ್ತದೆ. ಬೆಟ್ಟದ ಹಿಂದಿನಿಂದ ಸೂರ್ಯ ಮೂಡಿದಂತೆ ಕಾಣುತ್ತದೆ. ಬೆನ್ನಿನಲ್ಲಿ ಉಂಟಾದ ತೂತನ್ನು ಮುಚ್ಚಲು ಹೊರಗಿನಿಂದ ಇನ್ನೊಂದು ಹಾಳೆಯನ್ನು, ಪಟ್ಟಿಗೆ ಅಂಟು ತಾಗದಂತೆ, ಅಂಟಿಸಬಹುದು.

ಈ ಮೆಟ್ಟಿಲಿನ ರಹಸ್ಯವೇನು? ಪಕ್ಕದಿಂದ ನೋಡಿದರೆ ನಾಲ್ಕು ಭುಜಗಳು ಕಾಣುತ್ತವೆ: ಕೆಳಪುಟದ 4, ಮೆಟ್ಟಿಲಿನ ಮುಂಗಡೆಯ 3, ಮೆಟ್ಟಿಲಿನ ಮೇಲ್ಭಾಗದ 4, ಹಿಂಪುಟದ 3. ಎದುರುಬದುರಿನ ಭುಜಗಳು ಸಮವಾಗಿರುವುದರಿಂದ ಇದು ಸಮಾಂತರ ಚತುರ್ಭುಜ. ಪತ್ರವನ್ನು ಯಾವ ಕೋನಕ್ಕೆ ತೆರೆದರೂ ಇದು ಸಮಾಂತರ ಚತುರ್ಭುಜವಾಗಿಯೇ ಉಳಿಯುತ್ತದೆ. ಆದುದರಿಂದ ಸೂರ್ಯನು ಯಾವಾಗಲೂ ಹಿಂಪುಟಕ್ಕೆ ಸಮಾಂತರವಾಗಿಯೇ ಇರುತ್ತಾನೆ. ಅಳತೆಯಲ್ಲಿ ಎರಡು ಮಿಲಿಮೀಟರು ತಪ್ಪಿದರೂ ಎದುರು ಭುಜಗಳು ಸಮವಾಗದೆ, ಪತ್ರವನ್ನು ಮುಚ್ಚುವಾಗ ಕಾಗದ ಸುಕ್ಕುಗಟ್ಟುತ್ತದೆ.

ಪತ್ರವನ್ನು ಪೂರ್ಣವಾಗಿ ಮುಚ್ಚಿದಾಗ ನಾಲ್ಕು ಭುಜಗಳೂ ಒಂದೇ ಗೆರೆಯಲ್ಲಿ ಮಲಗುತ್ತವೆ. ಆಗ ಮೆಟ್ಟಿಲಿನ ಹೊರಮೂಲೆ ಬೆನ್ನಿನಿಂದ ಎಷ್ಟು ದೂರಕ್ಕೆ ಹೋಗುತ್ತದೆ? ಚಾಚು ಮತ್ತು ಎತ್ತರಗಳ ಮೊತ್ತದಷ್ಟು, ಅಂದರೆ 4 + 3 = 7 ಸೆಂಟಿಮೀಟರು. ಸೂರ್ಯನ ಇಣುಕು 2 ಸೇರಿದರೆ 9. ಪುಟದ ಅಳತೆ 10. ಹಾಗಾಗಿ ಸೂರ್ಯನು ಒಂದು ಸೆಂಟಿಮೀಟರು ಒಳಗೇ ಉಳಿಯುತ್ತಾನೆ. ಚಾಚು, ಎತ್ತರ, ಇಣುಕು ಈ ಮೂರರ ಮೊತ್ತವು ಪುಟದ ಅಳತೆಗಿಂತ ಕಡಮೆಯಾಗಿರಬೇಕೆಂಬುದೇ ಇಲ್ಲಿಯ ಮುಖ್ಯ ನಿಯಮ.

ನಮ್ಮ ಮೊದಲ ಪತ್ರದಲ್ಲಿ ಚಾಚು 5, ಎತ್ತರ 4 ಎಂದು ಇಟ್ಟುಕೊಂಡಿದ್ದೆವು. ಮೊತ್ತ 9, ಸಾಕೆಂದು ಸಂತೋಷಪಟ್ಟೆವು. ಮೆಟ್ಟಿಲಿಗೆ ಲೆಕ್ಕ ಹಾಕಿದ್ದೆವೇ ಹೊರತು ಮೆಟ್ಟಿಲಿನ ಮೇಲೆ ನಿಂತ ಸೂರ್ಯನಿಗೆ ಲೆಕ್ಕ ಹಾಕಿರಲಿಲ್ಲ. ಪತ್ರವನ್ನು ಮುಚ್ಚಿದಾಗ ಬಿಂಬ ಒಂದು ಸೆಂಟಿಮೀಟರು ಹೊರಗೆ ಇಣುಕಿತು. ಲಕೋಟೆ ದೊಡ್ಡದಾಗಿದೆ, ಚಿಂತೆಯಿಲ್ಲವೆಂದು ಸಮಾಧಾನ ಹೇಳಿಕೊಂಡು ಅಂಚೆಗೆ ಹಾಕಿದೆವು. ಗುರುಗಳಿಂದ ಬಂದ ಉತ್ತರ ಎರಡೇ ಪ್ರಶ್ನೆಗಳದು. ‘ನೀನು ಕಳುಹಿಸಿದ ಸೂರ್ಯನಾರಾಯಣನು ತಲೆ ಮುರಿದುಕೊಂಡು ಬಂದಿದ್ದಾನೆ. ಮೂರು ಅಂಕಿಗಳನ್ನು ಕೂಡುವ ಲೆಕ್ಕವನ್ನು ನಾನು ಕಲಿಸಿರಲಿಲ್ಲವೆ?’ ಎಂಬುದು ಮೊದಲನೆಯದು. ನಮ್ಮ ಪತ್ರದಲ್ಲಿ ‘ಇಂದು ಸೂರ್ಯನು ಉತ್ತರಕ್ಕೆ ತಿರುಗಿದನು’ ಎಂಬ ವಾಕ್ಯವಿದ್ದಿತು. ಅದರ ಕೆಳಗೆ ಗೆರೆ ಎಳೆದು ಅವರು ಕೇಳಿದ್ದುದು ಎರಡನೆಯ ಪ್ರಶ್ನೆ: ‘ಇದನ್ನು ನೋಡಿ ಬರೆದೆಯೋ, ಕೇಳಿ ಬರೆದೆಯೋ?’

ಕೇಳಿ ಬರೆದುದೆಂದು ಒಪ್ಪಿಕೊಳ್ಳದೆ ಗತ್ಯಂತರವಿರಲಿಲ್ಲ. ಭೌತಶಾಸ್ತ್ರವನ್ನು ಪಾಠ ಹೇಳುವವರಿಗೆ ಇದು ಸಣ್ಣ ನಾಚಿಕೆಯಲ್ಲ.

ಒಂದು ಕೋಲು, ಒಂದು ನೆರಳು

ನೋಡುವುದು ಹೇಗೆ? ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಮೀಟರು ಎತ್ತರದ ಕೋಲು ಸಾಕು. ನಡುಹಗಲಿನಲ್ಲಿ, ಅಂದರೆ ಆ ದಿನದ ನೆರಳು ಅತಿ ಚಿಕ್ಕದಾಗುವ ಕ್ಷಣದಲ್ಲಿ, ನೆರಳಿನ ಉದ್ದವನ್ನು ಅಳೆಯಬೇಕು. ಬೆಂಗಳೂರಿನಲ್ಲಿ ಜನವರಿಯ ನಡುವಿನಲ್ಲಿ ಈ ಕ್ಷಣ ಗಡಿಯಾರದ ಪ್ರಕಾರ ಸುಮಾರು ಹನ್ನೆರಡೂವರೆಗೆ ಬರುತ್ತದೆ. ಸೂರ್ಯನು ದಕ್ಷಿಣಕ್ಕೆ ಸರಿದಷ್ಟೂ ನಮ್ಮ ನೆರಳು ಉತ್ತರಕ್ಕೆ ಉದ್ದವಾಗುತ್ತದೆ. ನೆರಳು ಅತ್ಯಂತ ಉದ್ದವಾಗುವ ದಿನವೇ ಸೂರ್ಯನು ತಿರುಗುವ ದಿನ.

ಆ ಡಿಸೆಂಬರ್ 21ರಂದು ಕಾಲೇಜಿನ ಮಾಳಿಗೆಯ ಮೇಲೆ ಕೋಲು ನಿಲ್ಲಿಸಿದೆವು. ನೆರಳು 74 ಸೆಂಟಿಮೀಟರಿನ ಸುಮಾರು. ಸೂರ್ಯನು ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದುದರಿಂದ ನೆರಳಿನ ತುದಿ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ, ಅದಕ್ಕಿಂತ ನಿಖರತೆಯನ್ನು ಬಯಸಬಾರದು. ಜನವರಿ 14ರಂದು ಮತ್ತೆ ಅಳೆದಾಗ ನೆರಳು 68ಕ್ಕೆ ಇಳಿದಿದ್ದಿತು. ಆರು ಸೆಂಟಿಮೀಟರು ಕಡಮೆ! ಸೂರ್ಯನು ಸಂಕ್ರಾಂತಿಯಂದು ತಿರುಗುವುದಾಗಿದ್ದರೆ ಅಂದಿನ ನೆರಳೇ ಅತಿ ಉದ್ದವಾಗಿರಬೇಕಾಗಿತ್ತು. ಅವನು ಆಗಲೇ ಮೂರು ವಾರಗಳಿಗೂ ಹಿಂದೆ, ಡಿಸೆಂಬರ್ 21 ಅಥವಾ 22ರಂದು ತಿರುಗಿಬಿಟ್ಟಿದ್ದಾನೆ.

ಹಾಗಾದರೆ ಹಬ್ಬದ ದಿನವೇ ತಪ್ಪೆ? ಅಲ್ಲ; ತಪ್ಪು ನಮ್ಮ ವಾಕ್ಯದ್ದು. ಮಕರ ಸಂಕ್ರಾಂತಿಯೆಂದರೆ ನಿರಯನ ಗಣನೆಯಂತೆ, ಅಂದರೆ ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡ ಎಣಿಕೆಯಂತೆ, ಸೂರ್ಯನು ಮಕರರಾಶಿಯನ್ನು ಸೇರುವ ದಿನ. ಉತ್ತರಾಯಣದ ಆರಂಭವು ಭೂಮಿಯ ಅಕ್ಷದ ವಾಲಿಕೆಗೆ ಸಂಬಂಧಿಸಿದುದು. ಆ ಅಕ್ಷವು ಬುಗುರಿಯ ಕಡ್ಡಿಯಂತೆ ಅತಿ ನಿಧಾನವಾಗಿ, ಸುಮಾರು 26,000 ವರ್ಷಗಳಿಗೊಂದು ಸುತ್ತು ಸುತ್ತುತ್ತಿದೆ. ಇದೇ ಅಯನಚಲನೆ. ಇದರಿಂದ ಅಯನಬಿಂದುಗಳು ನಕ್ಷತ್ರಗಳ ನಡುವೆ ಸುಮಾರು 72 ವರ್ಷಗಳಿಗೆ ಒಂದು ಡಿಗ್ರಿಯಂತೆ ಹಿಂದಕ್ಕೆ ಜಾರುತ್ತವೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದುವು. ಈಗ 24 ದಿನಗಳಷ್ಟು ಅಗಲಿವೆ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ ಇಂಥ ಪ್ರಶ್ನೆಗಳನ್ನೇ ವಿಚಾರಮಾಡಿತು. 1957ರ ಮಾರ್ಚ್ 22ರಂದು ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ವರ್ಷಾರಂಭವನ್ನು ವಸಂತ ವಿಷುವದ ಮರುದಿನಕ್ಕೆ ಕಟ್ಟಲಾಯಿತು.

ನೆರಳಿನ ಚಕ್ರ

ಗುರುಗಳ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡುವುದಕ್ಕಿಂತ, ಅವರೇ ಪರೀಕ್ಷಿಸಬಹುದಾದ ಪತ್ರವನ್ನು ಕಳುಹಿಸುವುದು ಮೇಲೆಂದು ತೋರಿತು. ಮಾಳಿಗೆಯ ಮೊದಲ ಅಳತೆಯಾದೊಡನೆ, ಸಂಕ್ರಾಂತಿಗೆ ಮುಂಚೆಯೇ, ಎರಡನೆಯ ಪತ್ರವನ್ನು ಸಿದ್ಧಪಡಿಸಿದೆವು.

ನಡುಹಗಲಿನಲ್ಲಿ ಸೂರ್ಯನು ನೆತ್ತಿಯಿಂದ ಎಷ್ಟು ಡಿಗ್ರಿ ದೂರವಿರುತ್ತಾನೆಂಬುದು ಊರಿನ ಅಕ್ಷಾಂಶದಿಂದ ಸೂರ್ಯನ ಕ್ರಾಂತಿಯನ್ನು ಕಳೆದರೆ ಸಿಕ್ಕುತ್ತದೆ. ಕ್ರಾಂತಿಯೆಂದರೆ ವಿಷುವದ್ವೃತ್ತದಿಂದ ಸೂರ್ಯನಿಗಿರುವ ಕೋನದೂರ. ಅವನು ದಕ್ಷಿಣದಲ್ಲಿದ್ದಾಗ ಅದು ಋಣಸಂಖ್ಯೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಡಿಸೆಂಬರ್ 21ರ ಕ್ರಾಂತಿ ದಕ್ಷಿಣಕ್ಕೆ 23.4; ಹಾಗಾಗಿ ಕೋನ 36.4 ಡಿಗ್ರಿ. ಇದರ ಟ್ಯಾಂಜೆಂಟನ್ನು ಕೋಲಿನ ಎತ್ತರದಿಂದ ಗುಣಿಸಿದರೆ 74 ಸೆಂಟಿಮೀಟರು. ಹೀಗೆಯೇ ಲೆಕ್ಕ ಹಾಕಿದರೆ ಜನವರಿ 14ಕ್ಕೆ 68, ಫೆಬ್ರವರಿ 21ಕ್ಕೆ 44, ಮಾರ್ಚ್ 21ಕ್ಕೆ 23, ಏಪ್ರಿಲ್ 21ಕ್ಕೆ ಬರಿಯ 2. ಏಪ್ರಿಲ್ 24ರ ಸುಮಾರಿಗೆ ಸೂರ್ಯನು ಬೆಂಗಳೂರಿನ ನೆತ್ತಿಯ ಮೇಲೆಯೇ ಬಂದು ನೆರಳು ಮಾಯವಾಗುತ್ತದೆ. ಅನಂತರ ನೆರಳು ದಕ್ಷಿಣಕ್ಕೆ ತಿರುಗುತ್ತದೆ: ಮೇ 21ಕ್ಕೆ 13, ಜೂನ್ 21ಕ್ಕೆ 18, ಜುಲೈ 21ಕ್ಕೆ 13. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಾಯವಾಗಿ ಮತ್ತೆ ಉತ್ತರಕ್ಕೆ ಬರುತ್ತದೆ: ಆಗಸ್ಟ್ 21ಕ್ಕೆ 2, ಸೆಪ್ಟೆಂಬರ್ 21ಕ್ಕೆ 22, ಅಕ್ಟೋಬರ್ 21ಕ್ಕೆ 44, ನವೆಂಬರ್ 21ಕ್ಕೆ 65.

ಈ ಹನ್ನೆರಡು ಜೊತೆಗಳನ್ನು 9 ಸೆಂಟಿಮೀಟರು ವ್ಯಾಸದ ಕಾಗದದ ಚಕ್ರದ ಮೇಲೆ, 30 ಡಿಗ್ರಿಗೊಂದರಂತೆ ಹನ್ನೆರಡು ಮನೆಗಳಲ್ಲಿ ಬರೆಯಿರಿ. ಚಕ್ರದ ಕೇಂದ್ರದಲ್ಲಿ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದಾದ ತೂತನ್ನು ಕೊಯ್ಯಿರಿ. 15 ಸೆಂಟಿಮೀಟರು ಉದ್ದ, 10 ಸೆಂಟಿಮೀಟರು ಅಗಲದ ಎರಡು ಹಾಳೆಗಳ ನಡುವೆ ಈ ಚಕ್ರ ಕೂರಬೇಕು. ಕೇಂದ್ರವು ಬಲ ಅಂಚಿನಿಂದ 5 ಸೆಂಟಿಮೀಟರು ಒಳಗಿರಲಿ. ಮುಂಪುಟದಲ್ಲಿ ಕೇಂದ್ರದ ಎಡಕ್ಕೆ, 2 ಸೆಂಟಿಮೀಟರಿನಿಂದ 4 ಸೆಂಟಿಮೀಟರಿನವರೆಗೆ ಒಂದು ಕಿಟಕಿ. ಎರಡೂ ಹಾಳೆಗಳ ಬಲ ಅಂಚಿನಲ್ಲಿ, ಕೇಂದ್ರದ ನೇರಕ್ಕೆ, ಒಂದು ಸೆಂಟಿಮೀಟರು ಆಳದ ಅರ್ಧಚಂದ್ರಾಕಾರದ ಕಚ್ಚು. ಅಲ್ಲಿ ಕಾಣುವ ಚಕ್ರದ ಅಂಚನ್ನು ಹೆಬ್ಬೆರಳಿನಿಂದ ನೂಕಿದರೆ ಚಕ್ರ ತಿರುಗುತ್ತದೆ. ಪತ್ರದಿಂದ ಏನೂ ಹೊರಗೆ ಇಣುಕುವುದಿಲ್ಲ. ಹಿಂದಿನ ವರ್ಷದ ಪಾಠವನ್ನು ನಾವು ಮರೆತಿರಲಿಲ್ಲ.

ಅಚ್ಚಿಗೆ ಮೊಳೆ ಬೇಕಿಲ್ಲ. ಒಂದು ಸೆಂಟಿಮೀಟರು ವ್ಯಾಸದ ಕಾಗದದ ಬಿಲ್ಲೆಯನ್ನು ಹಿಂಪುಟಕ್ಕೆ ಅಂಟಿಸಿ, ಚಕ್ರದ ತೂತನ್ನು ಅದರ ಸುತ್ತ ಕೂರಿಸಿ, ಬಿಲ್ಲೆಯ ನೆತ್ತಿಗೆ ಮುಂಪುಟವನ್ನು ಅಂಟಿಸಿದರೆ ಸಾಕು. ಇಲ್ಲಿ ಘರ್ಷಣೆಯ ವಿಷಯದಲ್ಲಿ ಎಚ್ಚರ ಬೇಕು. ಘರ್ಷಣೆಯು ಎರಡು ಮೈಗಳನ್ನು ಒಂದಕ್ಕೊಂದು ಒತ್ತುವ ಬಲಕ್ಕೆ ಅನುಪಾತವಾಗಿರುತ್ತದೆ. ಬಿಲ್ಲೆಯು ಚಕ್ರದಷ್ಟೇ ದಪ್ಪವಾಗಿದ್ದರೆ ಎರಡು ಪುಟಗಳೂ ಚಕ್ರವನ್ನು ಅಪ್ಪಿ ಹಿಡಿಯುತ್ತವೆ. ಆದುದರಿಂದ ಬಿಲ್ಲೆಯ ಮೇಲೆ ಬರೆಯುವ ಕಾಗದದ ಇನ್ನೊಂದು ಬಿಲ್ಲೆಯನ್ನು ಅಂಟಿಸಿ ತುಸು ಎತ್ತರ ಕೊಡಬೇಕು. ನಾಲ್ಕು ಮೂಲೆಗಳಲ್ಲಿಯೂ ಅಷ್ಟೇ ದಪ್ಪದ ತುಂಡುಗಳನ್ನಿಟ್ಟು ಅಲ್ಲಿ ಮಾತ್ರ ಅಂಟಿಸಬೇಕು. ಅಚ್ಚಿನಲ್ಲಿ ಉಳಿಯುವ ಘರ್ಷಣೆ ಕೇಂದ್ರದಿಂದ ಅರ್ಧ ಸೆಂಟಿಮೀಟರು ದೂರದಲ್ಲಿದೆ. ಹೆಬ್ಬೆರಳು ನೂಕುವುದು ನಾಲ್ಕೂವರೆ ಸೆಂಟಿಮೀಟರಿನಲ್ಲಿ. ಸನ್ನೆಯ ಲಾಭ ಒಂಬತ್ತರಷ್ಟು. ಅಂಚಿನಲ್ಲಿ ಎಲ್ಲಿಯಾದರೂ ಅಂಟು ತಾಗಿದರೆ ಮಾತ್ರ ಈ ಲಾಭವೆಲ್ಲ ವ್ಯರ್ಥ.

ಅಂಟನ್ನು ತೆಳ್ಳಗೆ ಬಳಿಯಬೇಕೆಂಬುದಕ್ಕೆ ಇನ್ನೊಂದು ಕಾರಣವುಂಟು. ನೀರು ಕುಡಿದ ನಾರು ಅಗಲದಲ್ಲಿ ಬಹಳವಾಗಿ, ಉದ್ದದಲ್ಲಿ ಅತ್ಯಲ್ಪವಾಗಿ ಉಬ್ಬುತ್ತದೆ. ಹಾಳೆಯ ಒಂದೇ ಮೈ ತೇವವಾದರೆ ಆ ಮೈ ಹಿಗ್ಗಿ ಹಾಳೆ ಸುರುಳಿಗೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಪತ್ರವನ್ನು ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡುವುದು ಲೇಸು.

ಗುರುಗಳ ಉತ್ತರ

ಜನವರಿಯ ಕೊನೆಯ ವಾರದಲ್ಲಿ ನಮ್ಮ ಪತ್ರವೇ ಹಿಂದಿರುಗಿ ಬಂದಿತು. ಮೊದಲು ಮನಸ್ಸಿಗೆ ಕಳವಳವಾಯಿತು. ಚಕ್ರವನ್ನು ತಿರುಗಿಸಿ ನೋಡಿದಾಗ ಜನವರಿ 14ರ ಮನೆಯಲ್ಲಿ, ನಾವು ಬರೆದಿದ್ದ 68ರ ಪಕ್ಕದಲ್ಲಿ, ಪೆನ್ಸಿಲಿನಿಂದ 75 ಎಂದು ಬರೆದಿದ್ದಿತು. ಬೆನ್ನಿನ ಮೇಲೆ ಒಂದೇ ಸಾಲು: ‘ಚಕ್ರ ಚೆನ್ನಾಗಿ ತಿರುಗುತ್ತದೆ. ಆದರೆ ಇದು ನಿನ್ನ ಅಂಗಳದ ನೆರಳು, ನನ್ನ ಅಂಗಳದ್ದಲ್ಲ.’

ಇದು ನಮ್ಮ ಮೂರನೆಯ ತಪ್ಪು. ಬೆಂಗಳೂರಿನ ಅಕ್ಷಾಂಶಕ್ಕೆ ಲೆಕ್ಕ ಹಾಕಿದ ಚಕ್ರವನ್ನು ಧಾರವಾಡಕ್ಕೆ ಕಳುಹಿಸಿದ್ದೆವು. ಆದರೆ ಈ ತಪ್ಪು ಒಂದು ಬಗೆಯಲ್ಲಿ ಉಪಕಾರವನ್ನೇ ಮಾಡಿತು. ನೂರು ಸೆಂಟಿಮೀಟರಿನ ಕೋಲಿಗೆ 75 ಸೆಂಟಿಮೀಟರಿನ ನೆರಳೆಂದರೆ ಕೋನ 36.9 ಡಿಗ್ರಿ. ಅಂದಿನ ಕ್ರಾಂತಿ ದಕ್ಷಿಣಕ್ಕೆ 21.3. ವ್ಯತ್ಯಾಸ 15.6 ಡಿಗ್ರಿ. ಭೂಪಟದಲ್ಲಿ ಧಾರವಾಡದ ಅಕ್ಷಾಂಶ 15.5ರ ಸುಮಾರು. ಎಂಬತ್ತು ದಾಟಿದ ಗುರುಗಳು ತಮ್ಮ ಅಂಗಳದಲ್ಲಿ ಕೋಲೊಂದನ್ನು ನಿಲ್ಲಿಸಿ, ತಮ್ಮ ಊರು ಭೂಗೋಲದ ಮೇಲೆ ಎಲ್ಲಿದೆಯೆಂಬುದನ್ನು ಎರಡು ಅಂಕಿಗಳಲ್ಲಿ ನಮಗೆ ಬರೆದು ಕಳುಹಿಸಿದ್ದರು.

ಪತ್ರವನ್ನು ಮಾಡಲು ಹೊರಡುವ ವಾಚಕರು, ಅದನ್ನು ಪಡೆಯುವವರ ಊರಿನ ಅಕ್ಷಾಂಶವನ್ನು ಭೂಪಟದಲ್ಲಿ ನೋಡಿಕೊಂಡು, ಮೇಲೆ ಹೇಳಿದ ಕ್ರಮದಲ್ಲಿ ಅಂಕಿಗಳನ್ನು ಹೊಸದಾಗಿ ಲೆಕ್ಕ ಹಾಕಬೇಕು. ಪ್ರೌಢಶಾಲೆಯ ವಿದ್ಯಾರ್ಥಿಗೂ ಇದು ಒಂದು ಸಂಜೆಯ ಕೆಲಸ. ಈ ವರ್ಷ ನಾವು ಮಾಡುತ್ತಿರುವ ಚಕ್ರಗಳಲ್ಲಿ ಪ್ರತಿಯೊಂದು ಅಂಕಿಯ ಪಕ್ಕದಲ್ಲಿಯೂ ಒಂದು ಖಾಲಿ ಮನೆಯನ್ನು ಬಿಟ್ಟಿದ್ದೇವೆ. ಅದನ್ನು ಪತ್ರ ಪಡೆದವರು ತಾವೇ ಅಳೆದು ತುಂಬಬೇಕು.